ಸಡಿಲವಾದ ಹೆಂಚು

ವಿಲಿಯಂ ವೈಲರ್ ನಿರ್ದೇಶಿಸಿ 1959ರಲ್ಲಿ ತೆರೆಗೆ ಬಂದ ‘ಬೆನ್ ಹರ್’ ಚಿತ್ರವನ್ನು ಕಂಡವರು ಸಾಮಾನ್ಯವಾಗಿ ನೆನೆಯುವುದು ಅದರ ರಥಸ್ಪರ್ಧೆಯನ್ನು. ಧೂಳೆಬ್ಬಿಸಿ ಹಾಯುವ ಕುದುರೆಗಳು, ಗಾಲಿಗೆ ಗಾಲಿ ತಾಗಿ ಮುರಿಯುವ ಸದ್ದು, ಮೆಟ್ಟಿಲು ಮೆಟ್ಟಿಲಾಗಿ ಕಿಕ್ಕಿರಿದ ಜನದ ಕೂಗು, ಇವು ಒಮ್ಮೆ ಕಣ್ಣಿಗೂ ಕಿವಿಗೂ ಬಿದ್ದ ಮೇಲೆ ಮರೆತುಹೋಗತಕ್ಕವಲ್ಲ. ವಿದ್ಯಾರ್ಥಿದೆಸೆಯಲ್ಲಿ ಆ ಚಿತ್ರವನ್ನು ಮೊದಲ ಸಲ ನೋಡಿ ಬಂದ ರಾತ್ರಿ ನನ್ನ ನಿದ್ದೆಯಲ್ಲಿ ಓಡುತ್ತಿದ್ದುದೂ ಆ ರಥಗಳೇ. ಆದರೆ ವಯಸ್ಸು ಏರಿ, ಸ್ನೇಹಗಳು ಕೂಡುವುದನ್ನೂ ಕೆಡುವುದನ್ನೂ ಅಷ್ಟಿಷ್ಟು ಕಂಡ ಮೇಲೆ ಮತ್ತೆ ಅದೇ ಚಿತ್ರದ ಮುಂದೆ ಕುಳಿತಾಗ, ಮೂರೂವರೆ ಗಂಟೆಗಳ ಆ ಮಹಾವೈಭವದ ನಡುವೆ ಮಾತೇ ಇಲ್ಲದ, ಅರೆಕ್ಷಣದಲ್ಲಿ ಕಳೆದುಹೋಗುವ ಒಂದು ದೃಶ್ಯವೇ ಮನಸ್ಸನ್ನು ಹಿಡಿದು ನಿಲ್ಲಿಸಿತು. ರೋಮನ್ ದಂಡನಾಯಕನೊಬ್ಬ ತನ್ನ ಬಾಲ್ಯಸಖನ ಮನೆಯ ಮಾಳಿಗೆಯನ್ನು ಒಬ್ಬನೇ ಹತ್ತಿ ಬರುತ್ತಾನೆ. ಸೂರಿನ ಅಂಚಿನ ಹೆಂಚುಗಳ ಮೇಲೆ ಕೈಯಿಟ್ಟು ನೋಡುತ್ತಾನೆ. ಅವು ಕೈಯ ಭಾರಕ್ಕೇ ಜಾರಿ ಕೆಳಗೆ ಬೀಳುತ್ತವೆ. ಅವನಿಗೆ ತಿಳಿಯಬೇಕಾದುದು ತಿಳಿದುಹೋಯಿತು. ಅವನು ಅದನ್ನು ಯಾರಿಗೂ ಹೇಳುವುದಿಲ್ಲ.

ಈ ಚಿತ್ರದ ಹೃದಯಸ್ಥಾನವಿರುವುದು ಆ ಮಾಳಿಗೆಯ ಮೇಲೆ ಎಂಬುದು ನನ್ನ ನಂಬಿಕೆ. ಏಕೆಂಬುದನ್ನು ವಿವರಿಸುವುದಕ್ಕೆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಕಥೆಯ ಕಾಲ ಕ್ರಿ.ಶ. 26, ಸ್ಥಳ ಯೆರೂಸಲೇಮ್. ಯೂದಾಯ ಪ್ರಾಂತವು ಕ್ರಿ.ಶ. 6ರಿಂದ ರೋಮಿನ ನೇರ ಆಳ್ವಿಕೆಗೆ ಒಳಪಟ್ಟಿತ್ತು. ಅರಸನಾಗಿದ್ದ ಹೆರೋದನು ತನ್ನ ಪೋಷಕನಾದ ಮಾರ್ಕ್ ಆಂಟನಿಯ ಹೆಸರಿನಲ್ಲಿ ಕಟ್ಟಿಸಿದ್ದ ಆಂಟೋನಿಯಾ ಕೋಟೆಯಲ್ಲಿ, ದೇವಾಲಯದ ಅಂಗಳವನ್ನು ಮೇಲಿನಿಂದ ನೋಡುವಂತೆ, ರೋಮನ್ನರ ದಂಡು ಬೀಡುಬಿಟ್ಟಿತ್ತು. ಆ ದಂಡಿಗೆ ಅಧಿಕಾರಿಯಾಗಿ ಹೊಸದಾಗಿ ಬಂದವನು ಮೆಸಾಲಾ. ಅದೇ ಊರಿನಲ್ಲಿ ಹುಡುಗನಾಗಿ ಬೆಳೆದವನು, ಹರ್ ಮನೆತನದ ಜೂಡಾನೊಡನೆ ಅಣ್ಣತಮ್ಮನಂತೆ ಆಡಿದವನು. ಅವನು ಬಂದನೆಂಬ ಸುದ್ದಿ ಕೇಳಿದೊಡನೆ ಜೂಡಾ ಕೋಟೆಗೆ ಹೋಗುತ್ತಾನೆ. ಉದ್ದನೆಯ ಹಜಾರದ ಎರಡು ಕೊನೆಗಳಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಡೆದು ಬಂದು ನಡುವೆ ತಬ್ಬಿಕೊಳ್ಳುವ ಆ ಗಳಿಗೆಯಲ್ಲಿ ಚಾರ್ಲ್ಟನ್ ಹೆಸ್ಟನ್ ಮತ್ತು ಸ್ಟೀಫನ್ ಬಾಯ್ಡ್ ಇಬ್ಬರ ಮುಖಗಳಲ್ಲೂ ಕಾಣುವ ಸಂತೋಷ ನಟನೆಯೆಂದು ತೋರುವುದಿಲ್ಲ. ಬಾಲ್ಯದ ಆಟವೊಂದು ನೆನಪಾಗಿ ಇಬ್ಬರೂ ಭರ್ಜಿಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಚಾವಣಿಯಲ್ಲಿ ಎರಡು ತೊಲೆಗಳು ಕೂಡುವ ಸಂಧಿಗೆ ಗುರಿಯಿಟ್ಟು ಒಬ್ಬನ ಹಿಂದೆ ಒಬ್ಬ ಎಸೆಯುತ್ತಾರೆ. ಎರಡು ಭರ್ಜಿಗಳೂ ಒಂದರ ಮಗ್ಗುಲಲ್ಲಿ ಒಂದು ನೆಟ್ಟುನಿಲ್ಲುತ್ತವೆ. ಅನಂತರ ತೋಳಿಗೆ ತೋಳು ಹೆಣೆದು ಮದ್ಯ ಕುಡಿಯುತ್ತಾರೆ. ಸ್ನೇಹವನ್ನು ಮಾತಿನಲ್ಲಿ ವರ್ಣಿಸದೆ ಮೈಯ ಅಭ್ಯಾಸದಲ್ಲಿ ತೋರಿಸಿದ ಈ ರೀತಿ ಬಹಳ ಸೊಗಸಾದುದು. ಎಷ್ಟೋ ವರ್ಷ ಅಗಲಿದ್ದವರ ತೋಳುಗಳಿಗೆ ಇನ್ನೂ ಅದೇ ಗುರಿ ನೆನಪಿದೆ ಎಂಬುದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಪ್ರೇಕ್ಷಕನು ಕೇಳುವುದಿಲ್ಲ. ಆದರೂ ಆಟಕ್ಕೆ ಬಳಸಿದುದು ಭರ್ಜಿ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟಿರಬೇಕು.

ಮರುಭೇಟಿ ಜೂಡಾನ ಮನೆಯಲ್ಲಿ. ತಾಯಿ ಮಿರಿಯಮ್, ತಂಗಿ ಟಿರ್ಜಾ, ಊಟ, ಹಳೆಯ ಮಾತು. ಮೆಸಾಲಾ ಟಿರ್ಜಾಳಿಗೆಂದು ತಂದ ಒಡವೆ. ಜೂಡಾ ಮೆಸಾಲಾನಿಗೆ ಕೊಡುವ ಬಿಳಿಯ ಅರಬ್ಬೀ ಕುದುರೆ. ಕುದುರೆಯನ್ನು ಕಂಡು ಮೆಸಾಲಾನ ಮುಖ ಮಗುವಿನ ಮುಖವಾಗುತ್ತದೆ. ಆ ಸಂತೋಷ ಆರುವ ಮುಂಚೆಯೇ ಅವನು ತನ್ನ ಕೆಲಸದ ಮಾತೆತ್ತುತ್ತಾನೆ. ರೋಮಿನ ವಿರುದ್ಧ ಗುಟ್ಟಾಗಿ ಮಾತನಾಡುವವರು ಯಾರು ಯಾರು? ಅವರ ಹೆಸರುಗಳು ಬೇಕು. ಜೂಡಾ ತನ್ನ ಜನಕ್ಕೆ ಸಮಾಧಾನದ ಮಾತು ಹೇಳುವುದಕ್ಕೆ ಸಿದ್ಧನಾಗಿದ್ದಾನೆ. ಹೆಸರು ಹೇಳುವುದಕ್ಕೆ ಮಾತ್ರ ಸಿದ್ಧನಿಲ್ಲ. ಮೆಸಾಲಾ ಮೊದಲು ಕೇಳಿಕೊಳ್ಳುತ್ತಾನೆ, ಆಮೇಲೆ ಆಸೆ ತೋರಿಸುತ್ತಾನೆ, ರೋಮಿನ ವೈಭವವನ್ನು ವರ್ಣಿಸುತ್ತಾನೆ, ಕಡೆಗೆ ನನ್ನ ಜೊತೆಗೋ ನನಗೆ ಎದುರೋ ಎಂದು ನಿಲ್ಲುತ್ತಾನೆ. ಅಗಲವು ಎತ್ತರದ ಎರಡೂಮುಕ್ಕಾಲು ಪಟ್ಟು ಇರುವ ಚೌಕಟ್ಟಿನಲ್ಲಿ ಈ ಚಿತ್ರವನ್ನು ತೆಗೆದಿದ್ದಾರೆ. ಅಷ್ಟು ಅಗಲದ ಚೌಕಟ್ಟು ಸೈನ್ಯ, ಸಮುದ್ರ, ರಥಗಳಿಗೆ ಒಪ್ಪುವಂಥದು ಎಂದು ನಾವು ತಿಳಿಯುತ್ತೇವೆ. ಆದರೆ ಇಬ್ಬರೇ ಮನುಷ್ಯರು ಅದರೊಳಗೆ ಒಂದೊಂದು ಪಕ್ಕಕ್ಕೆ ಸರಿದು ನಿಂತರೆ ಅವರ ನಡುವೆ ತೆರೆದುಕೊಳ್ಳುವ ಬರಿದು ಎಷ್ಟು ದೊಡ್ಡದು!

ಹೆಸರು ಕೇಳುವುದು ಸಣ್ಣ ಮಾತಲ್ಲ. ಆ ಕಾಲದ ರೋಮನ್ನು ಬಲ್ಲವರಿಗೆ ಅದರ ಭಾರ ತಿಳಿದೀತು. ಚಕ್ರವರ್ತಿ ಟೈಬೀರಿಯಸ್ ರಾಜಧಾನಿಯನ್ನು ಬಿಟ್ಟುಹೋದುದು ಇದೇ 26ರಲ್ಲಿ. ಮುಂದೆ ಅವನು ಕಾಪ್ರಿ ದ್ವೀಪದಲ್ಲಿ ನೆಲೆಸಿದನು. ಅವನ ಬೆನ್ನಿಗೆ ಅಂಗರಕ್ಷಕ ದಳದ ಅಧಿಪತಿಯಾದ ಸೆಜಾನಸನ ಕೈ ಮೇಲಾಗಿ, ರಾಜದ್ರೋಹದ ಕಾನೂನಿನ ಹೆಸರಿನಲ್ಲಿ ಪೈಶುನ್ಯವೇ ಒಂದು ವೃತ್ತಿಯಾಗಿ ಬೆಳೆಯಿತು. ಅಪರಾಧಿಯ ಆಸ್ತಿಯಲ್ಲಿ ಪಿಶುನನಿಗೂ ಪಾಲಿತ್ತು. ಇತಿಹಾಸಕಾರ ಟ್ಯಾಸಿಟಸನು ಬರೆದಿಟ್ಟಿರುವ ಒಂದು ವೃತ್ತಾಂತವಂತೂ ಮಿತ್ರದ್ರೋಹದ ಚರಿತ್ರೆಯಲ್ಲಿ ಎಂದಿಗೂ ಅಳಿಸದಂಥದು. ಟೀಟಿಯಸ್ ಸಬೀನಸ್ ಎಂಬ ಗೃಹಸ್ಥನು, ಚಕ್ರವರ್ತಿಯ ಅವಕೃಪೆಗೆ ಗುರಿಯಾಗಿದ್ದ ಜರ್ಮಾನಿಕಸನ ಕುಟುಂಬವನ್ನು ಉಳಿದ ಆಶ್ರಿತರೆಲ್ಲ ತೊರೆದ ಮೇಲೂ ತೊರೆಯದೆ, ಅವನ ವಿಧವೆಯ ಮನೆಗೆ ಹೋಗಿಬರುತ್ತಿದ್ದನು. ಅವನನ್ನು ಕೆಡವಿದರೆ ಕಾನ್ಸಲ್ ಪದವಿ ದೊರೆತೀತೆಂದು ಬಯಸಿದ ನಾಲ್ವರಲ್ಲಿ ಲಾಟಿಯಾರಿಸ್ ಎಂಬವನು ಅವನೊಡನೆ ಸಲಿಗೆ ಬೆಳೆಸಿದನು. ಬೆಳೆಸಿದ ಬಗೆಯನ್ನು ಗಮನಿಸಬೇಕು: ಕಷ್ಟಕ್ಕೆ ಬಿದ್ದ ಮನೆಯನ್ನು ನೀನೊಬ್ಬನೇ ಕೈಬಿಡಲಿಲ್ಲವಲ್ಲ ಎಂದು ಅವನ ನಿಷ್ಠೆಯನ್ನೇ ಹೊಗಳಿದನು. ಹೊಗಳಿಕೆಗೆ ಕರಗಿ ಸಬೀನಸನು ಅತ್ತನು, ತನ್ನ ಮನಸ್ಸನ್ನು ತೋಡಿಕೊಂಡನು. ಕಡೆಗೆ ಒಂದು ದಿನ ಲಾಟಿಯಾರಿಸನು ಅವನನ್ನು ಒಳಕೋಣೆಗೆ ಕರೆದೊಯ್ದು ಮಾತನಾಡಿಸುತ್ತಿರುವಾಗ, ಉಳಿದ ಮೂವರು, ಸೆನೆಟಿನ ಸದಸ್ಯರು, ಮಾಡಿಗೂ ಒಳಚಾವಣಿಗೂ ನಡುವಣ ಕಿರುಜಾಗದಲ್ಲಿ ಅಡಗಿ, ಬಿರುಕುಗಳಿಗೆ ಕಿವಿಯಿಟ್ಟು ಕೇಳಿಸಿಕೊಳ್ಳುತ್ತಿದ್ದರು. ಕ್ರಿ.ಶ. 28ರ ಹೊಸವರ್ಷದ ದಿನ ಸಬೀನಸನನ್ನು ಎಳೆದುಕೊಂಡುಹೋಗಿ ಕೊಂದರು. ಆ ಮನೆಯ ಆಳಿನ ನಾಯಿಯೊಂದು ಶವದ ಬಳಿಯಿಂದ ಕದಲದೆ, ಯಾರೋ ಎಸೆದ ತಿನಿಸನ್ನು ಕಚ್ಚಿ ತಂದು ಸತ್ತವನ ಬಾಯಿಗಿಟ್ಟಿತೆಂದೂ, ಶವವನ್ನು ಟೈಬರ್ ನದಿಗೆ ಎಸೆದಾಗ ತಾನೂ ಈಜಿ ಅದನ್ನು ತೇಲಿಸಲು ಹೆಣಗಿತೆಂದೂ ಪ್ಲಿನಿ ಹೇಳುತ್ತಾನೆ. ಮೆಸಾಲಾ ಕಲ್ಪನೆಯ ಪಾತ್ರ. ಆದರೆ ಅವನನ್ನು ತಿದ್ದಿ ಬೆಳೆಸಿದ ಊರು ಕಲ್ಪನೆಯದಲ್ಲ.

ಚಿತ್ರವನ್ನು ಮಾಡಿದವರಿಗೂ ಹೆಸರು ಹೇಳುವ ವಿಷಯ ದೂರದ್ದಾಗಿರಲಿಲ್ಲ. 1947ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯೊಂದು ಹಾಲಿವುಡ್ಡಿನ ಲೇಖಕರನ್ನೂ ನಿರ್ದೇಶಕರನ್ನೂ ಕರೆಸಿ, ನೀವು ಕಮ್ಯೂನಿಸ್ಟರೆ ಎಂದು ಕೇಳಿತು; ಆಮೇಲಿನ ವರ್ಷಗಳಲ್ಲಿ, ನಿಮ್ಮ ಜೊತೆಗಿದ್ದವರು ಯಾರು ಯಾರು ಎಂದು ಕೇಳುವುದೇ ಮುಖ್ಯವಾಯಿತು. ಉತ್ತರ ಕೊಡದ ಹತ್ತು ಮಂದಿ ಸೆರೆಮನೆಗೆ ಹೋದರು. ಹೆಸರು ಕೊಟ್ಟವರು ಕೆಲಸ ಉಳಿಸಿಕೊಂಡರು. ಎಷ್ಟೋ ಗೆಳೆತನಗಳು ಆ ಮೇಜಿನ ಮುಂದೆ ಮುರಿದುಬಿದ್ದು ಮತ್ತೆ ಕೂಡಲಿಲ್ಲ. ಆ ವಿಚಾರಣೆಯನ್ನು ಪ್ರತಿಭಟಿಸಿ ಕಲಾವಿದರ ಸಂಘವೊಂದನ್ನು ಕಟ್ಟಿದ ಮೂವರಲ್ಲಿ ವೈಲರ್ ಒಬ್ಬರು. ಉಳಿದಿಬ್ಬರು ಜಾನ್ ಹ್ಯೂಸ್ಟನ್ ಮತ್ತು ಫಿಲಿಪ್ ಡನ್. ವೈಲರ್ ಹುಟ್ಟಿದುದು 1902ರಲ್ಲಿ, ಅಂದು ಜರ್ಮನಿಯ ವಶದಲ್ಲಿದ್ದ ಆಲ್ಸೇಸಿನ ಮ್ಯೂಲೂಸ್ ಪಟ್ಟಣದ ಯೆಹೂದಿ ಮನೆತನದಲ್ಲಿ. ಸಾಮ್ರಾಜ್ಯದ ಅಧಿಕಾರಿಯೊಬ್ಬ ಯೆಹೂದಿ ಗೆಳೆಯನನ್ನು ಹೆಸರುಗಳಿಗಾಗಿ ಪೀಡಿಸುವ ದೃಶ್ಯವನ್ನು ಅಂಥವರು ತೆಗೆಯುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಾನು ಊಹಿಸಿ ಹೇಳಲಾರೆ. ಆ ದೃಶ್ಯದಲ್ಲಿ ಜೂಡಾನ ಮುಖ ಕ್ರಮೇಣ ಕಲ್ಲಾಗುವುದನ್ನು ಎಷ್ಟು ನಿಧಾನವಾಗಿ, ಎಷ್ಟು ಹತ್ತಿರದಿಂದ ಬಲ್ಲವರಂತೆ ತೋರಿಸಿದ್ದಾರೆಂಬುದನ್ನು ಮಾತ್ರ ಹೇಳಬಲ್ಲೆ.

ಇನ್ನು ಹೆಂಚಿನ ಪ್ರಸಂಗ. ಹೊಸ ಪ್ರಾಂತಾಧಿಪತಿಯಾದ ವಲೇರಿಯಸ್ ಗ್ರೇಟಸನು ಮೆರವಣಿಗೆಯಲ್ಲಿ ಊರನ್ನು ಪ್ರವೇಶಿಸುತ್ತಾನೆ. (ಇತಿಹಾಸದ ಗ್ರೇಟಸನು ಅಧಿಕಾರಕ್ಕೆ ಬಂದುದು 15ರಲ್ಲಿ, 26ರಲ್ಲಿ ಅವನು ಹಿಂದಿರುಗಿ ಪಿಲಾತನು ಬಂದನು; ಜೂಡಾನನ್ನು ಮುಂದೆ ಗುಲಾಮನಾಗಿ ಅಟ್ಟುವಂಥ ರೋಮಿನ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರೂ ಸಾಮಾನ್ಯವಾಗಿ ಸಂಬಳದ ನಾವಿಕರೇ ಹೊರತು ಸಂಕಲೆ ಹಾಕಿದ ಗುಲಾಮರಲ್ಲ. ಈ ಕಥೆ ಅಂಥ ಸ್ವಾತಂತ್ರ್ಯಗಳನ್ನು ತೆಗೆದುಕೊಂಡಿದೆ.) ಮೆರವಣಿಗೆಯನ್ನು ನೋಡಲು ಟಿರ್ಜಾ ಮಾಳಿಗೆಯ ಅಂಚಿಗೆ ಬಾಗುತ್ತಾಳೆ, ಕೈಯ ಭಾರಕ್ಕೆ ಹೆಂಚು ಜಾರಿ ಕೆಳಗುರುಳುತ್ತದೆ, ಬೆದರಿದ ಕುದುರೆಯ ಮೇಲಿಂದ ಗ್ರೇಟಸನು ಬಿದ್ದು ಪ್ರಜ್ಞೆ ತಪ್ಪುತ್ತಾನೆ. ಸೈನಿಕರು ಬಾಗಿಲು ಮುರಿದು ನುಗ್ಗುತ್ತಾರೆ. ಆ ಗೊಂದಲದ ನಡುವೆ ಮೆಸಾಲಾ ಒಳಗೆ ಬಂದುದನ್ನು ಕಂಡಾಗ ಜೂಡಾನ ಕಣ್ಣಿನಲ್ಲಿ ಮೂಡುವುದು ಭಯವಲ್ಲ, ಬಿಡುಗಡೆಯ ಭಾವ. ಈತ ನಮ್ಮವನು, ಈತನಿಗೆ ನಾವು ಎಂಥವರೆಂಬುದು ಗೊತ್ತು. ಮೆಸಾಲಾ ಅವರನ್ನು ನೋಡುತ್ತಾನೆ, ಎಳೆದುಕೊಂಡು ಹೋಗಿರೆಂದು ಆಜ್ಞೆ ಮಾಡುತ್ತಾನೆ. ಎಲ್ಲರೂ ಹೋದ ಮೇಲೆ ಒಬ್ಬನೇ ಮಾಳಿಗೆ ಹತ್ತುತ್ತಾನೆ.

ಶಿಕ್ಷೆಯನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದವನು ಮಾಳಿಗೆಯನ್ನು ಹತ್ತಬೇಕಾಗಿರಲಿಲ್ಲ. ಹತ್ತಿದನೆಂದರೆ ಅವನ ಒಳಗಿನ ಹಳೆಯ ಗೆಳೆಯ ಇನ್ನೂ ಸತ್ತಿರಲಿಲ್ಲ. ಸತ್ಯವೇನೆಂದು ಅರಿಯುವ ಆಸೆ ಉಳಿದಿತ್ತು. ಹೆಂಚು ಗಟ್ಟಿಯಾಗಿದ್ದು, ಜೂಡಾ ಬೇಕೆಂದೇ ಕೆಡವಿರಬೇಕೆಂಬ ಶಂಕೆಗೆ ಎಡೆಯಿದ್ದಿದ್ದರೆ ಅವನು ಕಠೋರನಾದ ಅಧಿಕಾರಿಯಷ್ಟೇ ಆಗುತ್ತಿದ್ದನು. ಹೆಂಚು ಜಾರಿದುದರಿಂದಲೇ ಅವನು ದ್ರೋಹಿಯಾದನು. ಶತ್ರುವಿಗೆ ನಮ್ಮ ನಿರಪರಾಧ ತಿಳಿಯದೆ ಇರಬಹುದು, ತಿಳಿಯುವ ಹಂಗೂ ಅವನಿಗಿಲ್ಲ. ದ್ರೋಹವೆಂಬುದು ತಿಳಿದವನಿಂದ ಮಾತ್ರ ಆಗತಕ್ಕ ಕಾರ್ಯ. ಅದಕ್ಕೆ ಕೋಪ ಬೇಕಾಗಿಲ್ಲ, ದ್ವೇಷವೂ ಬೇಕಾಗಿಲ್ಲ. ಕಂಡ ಸತ್ಯವನ್ನು ಹೇಳದೆ ಮೆಟ್ಟಿಲಿಳಿದು ಬಂದರೆ ಸಾಕು.

ಹಾಗೆ ಇಳಿದು ಬಂದವನಿಗೆ ಲಾಭವೇನು? ಸೆರೆಯಿಂದ ತಪ್ಪಿಸಿಕೊಂಡ ಜೂಡಾ ಕಾವಲುಗಾರನ ಭರ್ಜಿಯನ್ನೇ ಕಿತ್ತುಕೊಂಡು ಮೆಸಾಲಾನ ಕೋಣೆಗೆ ನುಗ್ಗಿ ಇದೇ ಪ್ರಶ್ನೆಯನ್ನು ಕೇಳುತ್ತಾನೆ. ಅಪರಿಚಿತನೊಬ್ಬನನ್ನು ದಂಡಿಸಿದರೆ ಊರು ಹೆದರುವುದಿಲ್ಲ. ಬಾಲ್ಯಸಖನನ್ನೇ ಹಿಂದುಮುಂದು ನೋಡದೆ ದಂಡಿಸಿದವನಿಗೆ ಊರೆಲ್ಲ ನಡುಗುತ್ತದೆ. ನಾನು ನಿನ್ನ ಸಹಾಯ ಬೇಡಿದ್ದೆ, ಈಗ ನೀನು ಅದನ್ನು ಕೊಟ್ಟಂತಾಯಿತು ಎಂಬ ಅರ್ಥದ ಉತ್ತರವನ್ನು ಮೆಸಾಲಾ ಕೊಡುತ್ತಾನೆ. ಇದಕ್ಕಿಂತ ಕ್ರೂರವಾದ ಲೆಕ್ಕಾಚಾರವನ್ನು ನಾನು ತೆರೆಯ ಮೇಲೆ ಕಂಡಿಲ್ಲ. ಸ್ನೇಹವಿದ್ದರೂ ದಂಡಿಸಿದೆ ಎನ್ನುವುದು ಬೇರೆ, ಸ್ನೇಹವಿದ್ದುದರಿಂದಲೇ ದಂಡಿಸಿದೆ ಎನ್ನುವುದು ಬೇರೆ. ಅವನ ಪಾಲಿಗೆ ಗೆಳೆತನವು ಕೂಡಿಟ್ಟ ಮೂಲಧನ, ಕಾಲ ಬಂದಾಗ ಅದನ್ನು ಖರ್ಚು ಮಾಡಿ ಕೀರ್ತಿಯನ್ನು ಕೊಂಡುಕೊಂಡನು. ಜೂಡಾನ ಕೈಯಲ್ಲಿರುವ ಭರ್ಜಿ ಈಗ ಮೆಸಾಲಾನ ಎದೆಗೆ ಗುರಿಯಿಟ್ಟಿದೆ. ಕೊಂದರೆ ನಿನ್ನ ತಾಯಿ ತಂಗಿಯರು ನಿನ್ನ ಕಣ್ಣೆದುರಿಗೇ ಸಾಯುತ್ತಾರೆ ಎಂಬ ಬೆದರಿಕೆಗೆ ಅವನು ಭರ್ಜಿಯನ್ನು ಗೋಡೆಗೆ ಎಸೆಯುತ್ತಾನೆ. ಅದು ನೆಟ್ಟು ನಡುಗುತ್ತದೆ. ಕೆಲವೇ ದಿನಗಳ ಹಿಂದೆ ಇದೇ ಕೋಟೆಯಲ್ಲಿ ಇದೇ ಕೈ ತೊಲೆಗೆ ಎಸೆದ ಭರ್ಜಿಯನ್ನು ನೋಡಿ ನಾವು ನಕ್ಕಿದ್ದೆವು.

ಮೂಲಕಾದಂಬರಿಯಲ್ಲಿ ಸಂಗತಿ ಹೀಗಿಲ್ಲ. ಲೂ ವಾಲೆಸ್ ಬರೆದ ‘ಬೆನ್ ಹರ್’ ಪ್ರಕಟವಾದುದು 1880ರಲ್ಲಿ. ಅಲ್ಲಿ ಹೆಂಚನ್ನು ಕದಲಿಸುವವನು ಜೂಡಾನೇ. ಮೆಸಾಲಾ ಮೊದಲ ಭೇಟಿಯಿಂದಲೇ ಉದ್ಧತನಾದ ಯುವಕ. ಅವನೂ ಗ್ರೇಟಸನೂ ಸೇರಿ ಹರ್ ಮನೆತನದ ಐಶ್ವರ್ಯವನ್ನು ಹಂಚಿಕೊಳ್ಳುತ್ತಾರೆ. ಅಂದರೆ ಕಾದಂಬರಿಯ ದ್ರೋಹ ಧನಲೋಭದ್ದು. ಚಿತ್ರಕಾರರು ಧನವನ್ನು ಬಿಟ್ಟು ಹೆಂಚನ್ನು ಮುಟ್ಟಿ ನೋಡುವ ಕೈಯೊಂದನ್ನು ಸೇರಿಸಿದರು. ಮೂಲಕ್ಕಿಂತ ಮೇಲಾದ ಕಡೆ ಇದು. ಆದರೂ ಆಕಸ್ಮಿಕವೊಂದು ಅಪರಾಧವೆನಿಸಿ ಬಾಳನ್ನೇ ಸುಡುವ ಈ ಕಲ್ಪನೆ ವಾಲೆಸರಿಗೆ ಎಲ್ಲಿಂದ ಬಂದಿತೆಂದು ಯೋಚಿಸಿದರೆ ಅವರ ಬಾಳಿನ ಒಂದು ಘಟನೆ ನೆನಪಾಗದೆ ಇರದು. ಅಮೆರಿಕದ ಅಂತರ್ಯುದ್ಧದಲ್ಲಿ ಅವರು ಸೇನಾನಿಯಾಗಿದ್ದರು. 1862ರ ಏಪ್ರಿಲಿನಲ್ಲಿ ಶೈಲೋ ಎಂಬಲ್ಲಿ ಕಾಳಗ ನಡೆದಾಗ, ಬರಬೇಕಾದ ದಾರಿ ಯಾವುದೆಂಬ ಗೊಂದಲದಿಂದ ಅವರ ದಳ ರಣರಂಗವನ್ನು ಸೇರುವಷ್ಟರಲ್ಲಿ ಸಂಜೆಯಾಗಿ ಮೊದಲ ದಿನದ ಹೋರಾಟ ಮುಗಿದಿತ್ತು. ಸೈನ್ಯಾಧಿಪತಿ ಗ್ರಾಂಟ್ ಅದರ ದೋಷವನ್ನು ಅವರ ಮೇಲೆ ಹೊರಿಸಿದರು. ಆ ಕಳಂಕವನ್ನು ತೊಳೆದುಕೊಳ್ಳಲು ವಾಲೆಸ್ ಬಾಳಿನುದ್ದಕ್ಕೂ ಹೆಣಗಿದರು. ತಪ್ಪಿದ ದಾರಿಗೂ ಜಾರಿದ ಹೆಂಚಿಗೂ ಇರುವ ನಂಟನ್ನು ಅವರು ತಾವಾಗಿ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಓದುಗನಾಗಿ ನನಗೆ ಅದು ಕಾಣುತ್ತದೆ.

ರಾಜಕೀಯದ ಒಂದು ಭಿನ್ನಾಭಿಪ್ರಾಯಕ್ಕಾಗಿ ಇಷ್ಟು ಗಾಢವಾದ ವೈರ ಹುಟ್ಟೀತೆ ಎಂಬ ಪ್ರಶ್ನೆ ಚಿತ್ರಕಥೆ ಬರೆದವರನ್ನೂ ಕಾಡಿತ್ತು. ಚಿತ್ರಕಥೆಯ ಕರ್ತೃವೆಂದು ತೆರೆಯ ಮೇಲೆ ಕಾಣುವುದು ಕಾರ್ಲ್ ಟನ್‌ಬರ್ಗರ ಹೆಸರೊಂದೇ ಆದರೂ, ಕ್ರಿಸ್ಟೋಫರ್ ಫ್ರೈ, ಗೋರ್ ವಿಡಾಲ್ ಮೊದಲಾದವರ ಕೈ ಅದರಲ್ಲಿ ಆಡಿದೆ. ಹನ್ನೆರಡು ಆಸ್ಕರ್ ನಾಮನಿರ್ದೇಶನಗಳಲ್ಲಿ ಹನ್ನೊಂದನ್ನು ಗೆದ್ದ ಈ ಚಿತ್ರಕ್ಕೆ ಕೈತಪ್ಪಿದುದು ಚಿತ್ರಕಥೆಯ ಬಹುಮಾನವೊಂದೇ. ಜಗಳ ಬರಿಯ ರಾಜಕೀಯದ್ದೆಂದರೆ ನಂಬಿಕೆ ಬಾರದೆಂದೂ, ತಾರುಣ್ಯದಲ್ಲಿ ಇವರಿಬ್ಬರ ನಡುವೆ ಸ್ನೇಹಕ್ಕಿಂತ ಮಿಗಿಲಾದ ಅನುರಾಗವಿತ್ತೆಂದೂ, ಮೆಸಾಲಾ ಅದನ್ನು ಮತ್ತೆ ಬಯಸಿ ತಿರಸ್ಕೃತನಾದನೆಂದೂ ಇಟ್ಟುಕೊಂಡು ನಟಿಸುವಂತೆ ಬಾಯ್ಡರಿಗೆ ಮಾತ್ರ ಗುಟ್ಟಾಗಿ ಹೇಳಲಾಗಿತ್ತೆಂದು ವಿಡಾಲ್ ಅನೇಕ ವರ್ಷಗಳ ಮೇಲೆ ಹೇಳಿದರು. ಹೆಸ್ಟನ್ ಅದನ್ನು ಖಂಡಿತವಾಗಿ ಅಲ್ಲಗಳೆದರು. ಯಾರ ಮಾತು ನಿಜವಾದರೂ, ಬಾಯ್ಡರ ಕಣ್ಣಿನಲ್ಲಿ ನಿರಾಕೃತನಾದವನ ನೋವಿದೆ ಎಂಬುದನ್ನು ಚಿತ್ರ ನೋಡಿದವರು ಒಪ್ಪಬೇಕು. ಆ ನೋವಿಗೆ ಹೆಸರಿಡುವ ಅಗತ್ಯ ನನಗೆ ಕಾಣುವುದಿಲ್ಲ. ತನ್ನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ತನ್ನ ಈಗಿನ ರೂಪವನ್ನು ಕಂಡು ಮುಖ ತಿರುಗಿಸಿದನೆಂಬುದು, ಅನುರಾಗದ ಹಂಗಿಲ್ಲದೆಯೂ, ಮನುಷ್ಯನನ್ನು ಕ್ರೂರನನ್ನಾಗಿ ಮಾಡಬಲ್ಲದು. ಜೂಡಾ ಬದುಕಿ ಕಣ್ಣೆದುರಿಗೆ ಇರುವವರೆಗೆ ತಾನು ಹಿಂದೆ ಹೇಗಿದ್ದೆನೆಂಬುದಕ್ಕೆ ಒಬ್ಬ ಸಾಕ್ಷಿಯಿದ್ದಾನೆ. ಆ ಸಾಕ್ಷಿಯನ್ನು ಹಡಗಿನ ಅಡಿಯಂತಸ್ತಿಗೆ, ಸೂರ್ಯನ ಬೆಳಕು ಬೀಳದ ಕಡೆಗೆ, ಕಳುಹಿಸಿಬಿಟ್ಟನು.

ನಮ್ಮ ಓದುಗರಿಗೆ ಇಲ್ಲಿ ದ್ರುಪದ ದ್ರೋಣರು ನೆನಪಾಗುವುದು ಸಹಜ. ಒಂದೇ ಗುರುವಿನ ಬಳಿ ಒಟ್ಟಿಗೆ ಬೆಳೆದವರು. ರಾಜ್ಯ ಬಂದಾಗ ನಿನಗೂ ಪಾಲು ಎಂದು ಬಾಲ್ಯದಲ್ಲಿ ಮಾತು ಕೊಟ್ಟವನು, ದರಿದ್ರನಾಗಿ ಬಂದ ಗೆಳೆಯನಿಗೆ ಸಮಾನರ ನಡುವೆ ಮಾತ್ರ ಸಖ್ಯವೆಂದು ಹೇಳಿ ಕಳುಹಿಸಿದನು. ಅಲ್ಲಿಯೂ ದ್ರೋಹದ ಹಿಂದೆ ನಿಂತಿರುವುದು ಸಿಂಹಾಸನ. ಆದರೆ ದ್ರುಪದನಿಗೆ ನೆನಪನ್ನು ನಿರಾಕರಿಸಿದರೆ ಸಾಕಾಗಿತ್ತು. ಮೆಸಾಲಾನಿಗೆ ನೆನಪೆಲ್ಲ ಇದೆ, ಅದನ್ನು ಅವನು ಉಪಯೋಗಿಸಿಕೊಂಡನು. ದ್ರೋಣನು ಶಿಷ್ಯನ ಕೈಯಲ್ಲಿ ದ್ರುಪದನನ್ನು ಕಟ್ಟಿಸಿ ತರಿಸಿ, ಅರ್ಧರಾಜ್ಯವನ್ನು ಹಿಂದಕ್ಕೆ ಕೊಟ್ಟು, ಈಗ ನಾವು ಸಮಾನರಾದೆವೆಂದು ನಂಬಿದನು. ಅವಮಾನಿತನಾದ ದ್ರುಪದನು ಯಜ್ಞ ಮಾಡಿ ದ್ರೋಣನನ್ನು ಕೊಲ್ಲುವ ಮಗನನ್ನು ಪಡೆದನು. ಮಿತ್ರದ್ರೋಹಕ್ಕೆ ತೀರಿಸಿಕೊಂಡ ಸೇಡು ಮುಗಿಯುವುದಿಲ್ಲವೆಂಬ ಆ ಸತ್ಯವೇ ‘ಬೆನ್ ಹರ್’ನ ಉತ್ತರಾರ್ಧಕ್ಕೂ ಆಧಾರ.

ನೌಕೆಯಲ್ಲಿ ಜೂಡಾ ಹೆಸರು ಕಳೆದುಕೊಂಡು ನಲವತ್ತೊಂದನೆಯವನಾಗುವುದು, ಕಾಳಗದಲ್ಲಿ ನೌಕಾಧಿಪತಿ ಆರಿಯಸನನ್ನು ಉಳಿಸುವುದು, ಅವನ ದತ್ತುಪುತ್ರನಾಗಿ ಉಂಗುರ ಧರಿಸಿ ಯೂದಾಯಕ್ಕೆ ಮರಳುವುದು, ಇವನ್ನು ಬೇಗ ದಾಟೋಣ. ರಥಸ್ಪರ್ಧೆಯ ವಿಷಯವನ್ನೂ ವಿಸ್ತರಿಸುವುದಿಲ್ಲ. ರೋಮಿನ ಚಿನೆಚಿತ್ತಾ ಚಿತ್ರನಗರಿಯಲ್ಲಿ ಸುಮಾರು ಹದಿನೆಂಟು ಎಕರೆ ನೆಲದಲ್ಲಿ ಕಟ್ಟಿದ ಆ ಕಣದಲ್ಲಿ ಸ್ಪರ್ಧೆಯನ್ನು ಚಿತ್ರಿಸಿದವರು ಆಂಡ್ರೂ ಮಾರ್ಟನ್ ಮತ್ತು ಯಕಿಮಾ ಕನುಟ್. 1925ರ ಮೂಕಚಿತ್ರದಲ್ಲಿ ಇದೇ ಸ್ಪರ್ಧೆಯನ್ನು ತೆಗೆದಾಗ ವೈಲರ್ ಹಲವು ಸಹಾಯಕರಲ್ಲಿ ಒಬ್ಬರಾಗಿದ್ದರು. ಒಂದು ಸಣ್ಣ ಸಂಗತಿಯನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಜೂಡಾನ ರಥಕ್ಕೆ ಕಟ್ಟಿದ ನಾಲ್ಕು ಬಿಳಿಯ ಕುದುರೆಗಳಿಗೆ ಅವುಗಳ ಒಡೆಯನಾದ ಅರಬ್ಬೀ ಶೇಖನು ನಕ್ಷತ್ರಗಳ ಹೆಸರಿಟ್ಟಿದ್ದಾನೆ: ಆಲ್ಡೆಬರನ್, ಆಂಟಾರೆಸ್, ಆಲ್ಟೇರ್, ರೈಜೆಲ್. ಮೊದಲ ಮೂರು ನಮ್ಮ ಪಂಚಾಂಗದ ರೋಹಿಣಿ, ಜ್ಯೇಷ್ಠಾ, ಶ್ರವಣಗಳೇ. ಬಿಳಿಯ ಕುದುರೆಯನ್ನು ಹಿಂದೊಮ್ಮೆ ಜೂಡಾ ಮೆಸಾಲಾನಿಗೆ ಪ್ರೀತಿಯಿಂದ ಕೊಟ್ಟಿದ್ದನು. ಈಗ ಬಿಳಿಯ ನಾಲ್ಕನ್ನು ಹೂಡಿ ಅವನ ಕಪ್ಪು ಕುದುರೆಗಳ ಎದುರು ನಿಂತಿದ್ದಾನೆ. ಭರ್ಜಿಯಂತೆ ಕುದುರೆಯೂ ಮತ್ತೆ ಬಂದಿತು. ಗಾಲಿಯ ಗುಂಬಕ್ಕೆ ಹಲ್ಲಿನ ಅಲಗುಗಳನ್ನು ಕಟ್ಟಿಸಿಕೊಂಡ ಮೆಸಾಲಾ, ಕಡೆಯ ಸುತ್ತಿನಲ್ಲಿ ಎದುರಾಳಿಯನ್ನೇ ಚಾವಟಿಯಿಂದ ಬಾರಿಸುತ್ತ ಗಾಲಿಗೆ ಗಾಲಿ ಸಿಕ್ಕಿಸಿಕೊಂಡು, ಸ್ವಂತ ಲಗಾಮಿನಲ್ಲೇ ತೊಡರಿ ನೆಲದ ಮೇಲೆ ಎಳೆದುಕೊಂಡುಹೋಗುತ್ತಾನೆ.

ಗೆದ್ದವನು ಸೋತವನನ್ನು ನೋಡಲು ಬರುತ್ತಾನೆ. ಜರ್ಝರಿತನಾಗಿ ಹಲಗೆಯ ಮೇಲೆ ಮಲಗಿದ ಮೆಸಾಲಾ, ಕಾಲುಗಳನ್ನು ಕತ್ತರಿಸದಿದ್ದರೆ ಪ್ರಾಣ ಹೋದೀತೆಂದು ವೈದ್ಯನು ಅವಸರಪಡಿಸುತ್ತಿದ್ದರೂ, ಜೂಡಾ ಬರುವವರೆಗೆ ಬೇಡವೆಂದು ತಡೆದಿದ್ದಾನೆ. ಅರ್ಧಶರೀರವಾಗಿ ಅವನಿಗೆ ಕಾಣಿಸಿಕೊಳ್ಳಲು ಮನಸ್ಸಿಲ್ಲ. ಇದನ್ನು ಬರಿಯ ಅಭಿಮಾನವೆನ್ನಲಾರೆ. ಸಾಯುವ ಗಳಿಗೆಯಲ್ಲೂ ಅವನ ಲೋಕದಲ್ಲಿ ಯಾರ ಕಣ್ಣಿಗೆ ಹೇಗೆ ಕಂಡೇನೆಂಬ ಯೋಚನೆಗೆ ತಕ್ಕ ಮನುಷ್ಯ ಒಬ್ಬನೇ. ಬಂದವನಿಗೆ ಕೊಡಲು ಅವನಲ್ಲಿ ಉಳಿದಿರುವುದು ಒಂದೇ ಒಂದು ವಿಷ: ಸತ್ತರೆಂದು ನೀನು ನಂಬಿದ ತಾಯಿ ತಂಗಿಯರು ಸತ್ತಿಲ್ಲ, ಕುಷ್ಠರೋಗಿಗಳ ಕಣಿವೆಯಲ್ಲಿ ಹುಡುಕು, ಗುರುತು ಸಿಕ್ಕಿದರೆ ನೋಡು. ಸ್ಪರ್ಧೆ ಮುಗಿಯಲಿಲ್ಲ ಎಂದು ಹೇಳುತ್ತ, ಜೂಡಾನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದೇ ಸಾಯುತ್ತಾನೆ. ಮೊದಲ ದಿನ ತಬ್ಬಿದ್ದ ಕೈ ಅದು.

ಜೂಡಾ ಅಲ್ಲಿಂದ ಬೇರೆಯೇ ಮನುಷ್ಯನಾಗಿ ಹೊರಡುತ್ತಾನೆ. ನೌಕೆ, ಚಾವಟಿ, ಬಾಯಾರಿಕೆ ಯಾವುದೂ ಮಾಡದುದನ್ನು ಈ ಸಾವು ಮಾಡಿತು. ದ್ವೇಷಕ್ಕೆ ಇದ್ದ ಒಂದು ಮುಖವೂ ಹೋದ ಮೇಲೆ ಅದು ಎಲ್ಲೆಡೆಯೂ ಹರಡಿತು. ನೀನೇ ಮೆಸಾಲಾ ಆಗಿಬಿಟ್ಟೆಯೆಂದು, ಅವನನ್ನು ಪ್ರೀತಿಸುವ ಎಸ್ತರ್ ಅವನಿಗೆ ಹೇಳುವಂತಾಗುತ್ತದೆ. ಆ ಮಾತು ನಿಜವೇ. ಆದರೆ ಆ ಮಾತನ್ನು ಕೇಳುವುದಕ್ಕೆ ಸ್ವಲ್ಪ ಮೊದಲು, ಅದೇ ಕಹಿಯ ನಡುವೆ, ಅವನ ಬಾಯಿಂದ ಬೇರೊಂದು ಮಾತು ಬಂದಿರುತ್ತದೆ. ಈ ಚಿತ್ರದ ಸ್ತುತಿಪಾಠಕರು ಅದನ್ನು ಗಮನಿಸುವುದು ಕಡಿಮೆ. ಪಿಲಾತನು ಅವನನ್ನು ಕರೆಸಿ, ನೀನು ಈಗ ರೋಮಿನ ಪ್ರಜೆ, ಆರಿಯಸನ ಮಗ, ಹಳೆಯದನ್ನು ಮರೆತು ರೋಮಿನೊಡನೆ ಇರು ಎನ್ನುತ್ತಾನೆ. ಮೆಸಾಲಾ ಮಾಡಿದುದಕ್ಕೆ ಮೆಸಾಲಾ ಅನುಭವಿಸಿದನಲ್ಲ, ಅಲ್ಲಿಗೆ ಸರಿಹೋಯಿತೆಂಬ ಧೋರಣೆ ಅವನದು. ಜೂಡಾ ಒಪ್ಪುವುದಿಲ್ಲ. ಆ ಕೃತ್ಯ ಮೆಸಾಲಾನದಲ್ಲ. ಅವನನ್ನು ನಾನು ಬಲ್ಲೆ, ರೋಮಿನ ಕ್ರೌರ್ಯ ಅವನ ರಕ್ತಕ್ಕೆ ಇಳಿಯುವುದಕ್ಕೆ ಮುಂಚಿನಿಂದ ಬಲ್ಲೆ. ನನ್ನ ಮನೆಯನ್ನು ಹಾಳು ಮಾಡಿದ ರೋಮೇ ಅವನನ್ನೂ ಹಾಳು ಮಾಡಿತು ಎಂಬ ಅಭಿಪ್ರಾಯದ ಮಾತನ್ನಾಡಿ, ಆರಿಯಸನಿಗೆ ಹಿಂದಿರುಗಿಸಬೇಕೆಂದು ಬೆರಳಿನ ಉಂಗುರವನ್ನು ತೆಗೆದುಕೊಡುತ್ತಾನೆ. ಸತ್ತ ಮೆಸಾಲಾನ ಪರವಾಗಿ ಇಡೀ ಚಿತ್ರದಲ್ಲಿ ಬಾಯಿ ತೆರೆಯುವವನು ಅವನೊಬ್ಬನೇ. ಆಂಟೋನಿಯಾದ ಹಜಾರದಲ್ಲಿ ಎರಡು ಭರ್ಜಿಗಳು ಒಂದೇ ಸಂಧಿಗೆ ನೆಟ್ಟುದನ್ನು ಕಂಡವನೂ ಈಗ ಅವನೊಬ್ಬನೇ ಉಳಿದಿದ್ದಾನೆ.